ಅರ್ಧ ಸೈಟು: ಮೊದಲು ಟೇಪು, ಆಮೇಲೆ ಟೋಕನ್

ಬೆಂಗಳೂರಿನಲ್ಲಿ 30x40 ಸೈಟು ಕೈಗೆಟುಕದವರು ಈಗ ಅದರ ಸೀಳನ್ನು ಹುಡುಕುತ್ತಿದ್ದಾರೆ. ಅಣ್ಣತಮ್ಮಂದಿರು ಭಾಗ ಮಾಡಿಕೊಂಡಾಗ ಉದ್ದಕ್ಕೆ ಸೀಳಿದ 15x40. ವಿಸ್ತೀರ್ಣ 600 ಚದರಡಿ, 20x30 ಸೈಟಿನಷ್ಟೇ. ದರ ತುಸು ಕಡಿಮೆ ಎಂದರೆ ಸಾಕು, ಅದೇ ಸಂಜೆ ಟೋಕನ್ ಕೊಟ್ಟು ಬರುವವರಿದ್ದಾರೆ.

ಕ್ರಯಪತ್ರ, ಇಸಿ, ತೆರಿಗೆ ರಸೀದಿ ಎಲ್ಲರೂ ನೋಡುತ್ತಾರೆ. ಅರ್ಧ ಸೈಟಿಗೆ ಇನ್ನೆರಡು ಬೇಕು: ನೋಂದಣಿಯಾದ ವಿಭಾಗಪತ್ರ, ಮಾರುವವರ ಪಾಲಿಗೇ ಬಿಡಿಸಿದ ಇ-ಖಾತಾ. ಖಾತೆ ಇನ್ನೂ ಇಡೀ 1200 ಚದರಡಿಗಿದ್ದರೆ ‘ಆಮೇಲೆ ಮಾಡಿಸಿಕೊಡ್ತೀವಿ’ ಎಂಬ ಮಾತಿಗೆ ಹಣ ಕೊಡಬಾರದು.

ಇನ್ನು ಟೇಪು. ಬಹುತೇಕರು ರಸ್ತೆ ಬದಿಯಲ್ಲಷ್ಟೇ ಅಗಲ ಅಳೆದು ಹೊರಡುತ್ತಾರೆ. ಅಳೆಯಬೇಕಾದದ್ದು ಮೂರು ಕಡೆ: ಮುಂದೆ, ನಡುವೆ, ಹಿಂದೆ. ಪಕ್ಕದ ಮನೆಯ ಗೋಡೆ ಅರ್ಧ ಅಡಿ ಒಳಗೆ ಬಂದಿದ್ದರೆ ನಲವತ್ತಡಿ ಉದ್ದಕ್ಕೆ 20 ಚದರಡಿ ಹೋಯಿತು. ಚದರಡಿಗೆ ಹತ್ತು ಸಾವಿರವೆಂದರೂ ಎರಡು ಲಕ್ಷ. ತಲೆಯೆತ್ತಿ ಸಜ್ಜೆ, ಬಾಲ್ಕನಿಗಳನ್ನೂ ನೋಡಬೇಕು. ಅಳತೆ ಕ್ರಯಪತ್ರದ ಚಕ್ಕುಬಂದಿಗೆ ತಾಳೆಯಾಗದಿದ್ದರೆ ಸರ್ವೆ ಮಾಡಿಸದೆ ಮುಂದುವರಿಯುವುದು ಹುಂಬತನ.

ಅಳತೆ ಸರಿಯಿದ್ದರೂ ಲೆಕ್ಕ ಮುಗಿಯಲಿಲ್ಲ. ಒಂದು ಬದಿ ಒಂದು ಮೀಟರ್ ಬಿಡಬೇಕಾಯಿತು ಎನ್ನಿ: ಹದಿನೈದರಲ್ಲಿ ಉಳಿಯುವುದು ಹನ್ನೊಂದೂಮುಕ್ಕಾಲು ಅಡಿ. ಒಂಬತ್ತಿಂಚಿನ ಎರಡು ಗೋಡೆ ಕಳೆದರೆ ಹತ್ತೂಕಾಲು. ಮೂರಡಿಯ ಮೆಟ್ಟಿಲು ಪಕ್ಕದಲ್ಲೇ ಹತ್ತಿದರೆ, ಅಲ್ಲಿ ಕೋಣೆಗೆ ಏಳಡಿ ಚಿಲ್ಲರೆ. ಮಂಚ ಹಾಕಿದ ಮೇಲೆ ಬೀರು ಬಾಗಿಲು ತೆರೆಯುವುದೇ ಕಷ್ಟ. ಬಾಡಿಗೆ ಎಷ್ಟು ಬಂದೀತೆಂದು ಬ್ರೋಕರನ್ನು ಕೇಳುವ ಮೊದಲು ನಕ್ಷೆ ಬರೆಯುವವರಿಗೆ ಒಂದಿಷ್ಟು ಫೀಸು ಕೊಟ್ಟು, ಈಗಿನ ಸೆಟ್‌ಬ್ಯಾಕ್ ನಿಯಮದಂತೆ ಕಚ್ಚಾ ನಕ್ಷೆ ಹಾಕಿಸಬೇಕು.

ಕಟ್ಟದೆ ಸುಮ್ಮನೆ ಇಟ್ಟುಕೊಂಡರೂ ತೆರಿಗೆ ತಪ್ಪದು. ಅಮೆರಿಕದ ಕಲಾವಿದ ಗಾರ್ಡನ್ ಮಟ್ಟಾ-ಕ್ಲಾರ್ಕ್ 1970ರ ದಶಕದಲ್ಲಿ ನ್ಯೂಯಾರ್ಕ್ ನಗರಾಡಳಿತದ ಹರಾಜಿನಲ್ಲಿ ಇಂಥ ಸೀಳು ಜಾಗಗಳನ್ನು ತಲಾ 25ರಿಂದ 75 ಡಾಲರ್‌ಗೆ ಕೊಂಡಿದ್ದ. ಅವನಿಗೆ ಅದು ಕಲೆ. 1978ರಲ್ಲಿ ಅವನು ತೀರಿಕೊಂಡ ಮೇಲೆ ತೆರಿಗೆ ಬಾಕಿಗೆ ಅವು ನಗರದ ಪಾಲಾದವು.

ಉಳಿದವು ಚುಟುಕಾಗಿ: ಬಿ ಖಾತಾ ಆಗಿದ್ದರೆ ಹಲವು ಬ್ಯಾಂಕು ಸಾಲ ಕೊಡವು, ನಾಳೆ ಕೊಳ್ಳುವವರಿಗೂ ಅದೇ ತೊಡಕು. ಹತ್ತಿರ ರಾಜಕಾಲುವೆ ಇದೆಯೇ, ಜಲ್ಲಿ ಲಾರಿ ಒಳಗೆ ಬಂದೀತೇ, ವಿಚಾರಿಸಿ. ಪಕ್ಕದ ಅರ್ಧವೂ ಖಾಲಿಯಿದ್ದರೆ ಅದರ ಮಾಲೀಕರನ್ನು ಮೊದಲು ಮಾತಾಡಿಸಿ. ಎರಡೂ ಕೂಡಿದರೆ ಬರುವ ಬೆಲೆಯೇ ಬೇರೆ.