ಕಲ್ಲುಗುಡ್ಡದ ಮೇಲೊಂದು ವಿಶ್ರಾಂತಿ ಗೃಹ: ಶಹಾಬಾದ್ ಕಲ್ಲಿನ ಉದ್ದಿಮೆಗೆ ಒಂದು ಪಾಠ

ಶಹಾಬಾದ್, ವಾಡಿ, ಚಿತ್ತಾಪುರ ಹಾಗೂ ಸೇಡಂ ಭಾಗದ ಫರಸಿ ಕಲ್ಲಿನ ವ್ಯಾಪಾರವು ಬಹುಕಾಲದಿಂದ ಚದರ ಅಡಿ ಲೆಕ್ಕದ ನೆಲಹಾಸಿನ ವ್ಯಾಪಾರವಾಗಿ ನಡೆದುಬಂದಿದೆ. ವಿಟ್ರಿಫೈಡ್ ಟೈಲ್ಸ್ ಬಂದ ಮೇಲೆ ಈ ಲೆಕ್ಕದಲ್ಲಿ ಕಲ್ಲಿನ ಸ್ಪರ್ಧೆ ಕಠಿಣವಾಗಿದೆ. ಟೈಲ್ಸ್‌ಗೆ ಒಂದೇ ಅಳತೆ, ಒಂದೇ ದಪ್ಪ, ಒಂದೇ ಬಣ್ಣ. ಆದರೆ ಟೈಲ್ಸ್ ನೆಲವನ್ನು ಮುಚ್ಚಬಲ್ಲದೇ ಹೊರತು ಗೋಡೆಯಾಗಿ ಭಾರ ಹೊರಲಾರದು, ಗುಡ್ಡದ ಮಣ್ಣನ್ನು ತಡೆಯಲಾರದು. ಕಲ್ಲುಗುಡ್ಡದ ಇಳಿಜಾರಿನಲ್ಲಿ ಕಟ್ಟುವ ವಿಶ್ರಾಂತಿ ಗೃಹಕ್ಕೆ ಈ ಎಲ್ಲ ಕೆಲಸಗಳೂ ಬೇಕು. ಅಂತಹ ಗೃಹದ ವಿನ್ಯಾಸವನ್ನು ಅರಿಯುವುದು ಕಲ್ಲಿನ ಉದ್ದಿಮೆದಾರರಿಗೆ ಲಾಭದಾಯಕ.

ಮೆಡಿಟರೇನಿಯನ್ ತೀರದ ಉದಾಹರಣೆ

ಸಿಡ್ನಿ ಒಪೆರಾ ಹೌಸ್‌ನ ವಿನ್ಯಾಸಕಾರ, ಡೆನ್ಮಾರ್ಕಿನ ಯೋರ್ನ್ ಉಟ್ಸೋನ್ ಅವರು 1970ರ ದಶಕದ ಆರಂಭದಲ್ಲಿ ಸ್ಪೇನ್ ದೇಶದ ಮಯೋರ್ಕಾ ದ್ವೀಪದಲ್ಲಿ, ಕಡಲ ಮೇಲಿನ ಬಂಡೆಯ ಅಂಚಿನಲ್ಲಿ, 'ಕಾನ್ ಲಿಸ್' ಎಂಬ ಮನೆಯನ್ನು ಕಟ್ಟಿಸಿದರು. ಅದಕ್ಕೆ ಬಳಸಿದ್ದು ಸ್ಥಳೀಯವಾಗಿ ದೊರೆಯುವ 'ಮಾರೆಸ್' ಎಂಬ ಮರಳುಗಲ್ಲು. ಒಂದೇ ದೊಡ್ಡ ಕಟ್ಟಡಕ್ಕೆ ಬದಲಾಗಿ ಚಿಕ್ಕ ಚಿಕ್ಕ ಕಟ್ಟಡಗಳನ್ನು ಬಂಡೆಯ ಅಂಚಿನುದ್ದಕ್ಕೂ ಬಿಡಿಬಿಡಿಯಾಗಿ ಇರಿಸಲಾಯಿತು. ಚಾವಣಿಗೆ ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವ ಕಾಂಕ್ರೀಟ್ ತೊಲೆಗಳು ಬಳಕೆಯಾದವು. ಕಲ್ಲಿನ ಮೇಲೆ ಉಳಿದ ಗರಗಸದ ಗುರುತುಗಳನ್ನು ಉಜ್ಜಿ ಅಳಿಸದೆ ಹಾಗೆಯೇ ಬಿಡಲಾಯಿತು. ಊರಿನ ಸಾಮಾನ್ಯ ಕಲ್ಲು ಮತ್ತು ಅಂಗಡಿಯ ಸಾಮಾನ್ಯ ಸಾಮಗ್ರಿಗಳಿಂದಲೇ ಆದ ಈ ಮನೆ ಇಂದು ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಪಾಠವಾಗಿದೆ.

ಸ್ಥಳೀಯ ಪರಂಪರೆ

ಕಲಬುರಗಿ ಜಿಲ್ಲೆಗೂ ಇದು ಹೊಸದಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಉತ್ಖನನದಿಂದ ಬೆಳಕಿಗೆ ಬಂದ ಬೌದ್ಧ ಸ್ತೂಪದ ಶಿಲ್ಪಫಲಕಗಳು ಸುಣ್ಣಕಲ್ಲಿನವು. ಸುಮಾರು 2000 ವರ್ಷಗಳ ಹಿಂದೆಯೇ ಈ ಭಾಗದ ಶಿಲ್ಪಿಗಳು ಆ ಕಲ್ಲಿನ ಗುಣವನ್ನು ಅರಿತಿದ್ದರು. ಹಳ್ಳಿಗಳಲ್ಲಿ ಫರಸಿಯನ್ನು ನೆಲಕ್ಕಷ್ಟೇ ಅಲ್ಲದೆ ಗೋಡೆಗೆ, ಮಾಳಿಗೆಗೆ, ಬೇಲಿಗೂ ಬಳಸಿದ್ದನ್ನು ಕಾಣಬಹುದು.

ಬಿಸಿಲಿನ ಲೆಕ್ಕ

ಮಯೋರ್ಕಾದ ವಿನ್ಯಾಸವನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಆ ದ್ವೀಪವು ಸುಮಾರು 39 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಚಿತ್ತಾಪುರವು 17 ಡಿಗ್ರಿಯಲ್ಲಿದೆ. ಜೂನ್ ತಿಂಗಳ ಮಧ್ಯಾಹ್ನ ಇಲ್ಲಿ ಸೂರ್ಯನು ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಆದುದರಿಂದ ಆಗ ಹೆಚ್ಚಿನ ಶಾಖ ಬೀಳುವುದು ಚಾವಣಿಯ ಮೇಲೆ, ಸಂಜೆ ಪಶ್ಚಿಮದ ಗೋಡೆಯ ಮೇಲೆ. ಚಾವಣಿಗೆ ಎರಡು ಪದರ ಕೊಟ್ಟು ನಡುವೆ ಗಾಳಿಯಾಡಲು ಜಾಗ ಬಿಡುವುದು, ಪಶ್ಚಿಮಕ್ಕೆ ದಪ್ಪ ಕಲ್ಲುಗೋಡೆ ಕಟ್ಟಿ ಕಿಟಕಿಯನ್ನು ಕಿರಿದಾಗಿಸುವುದು ಸೂಕ್ತ. ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಒಂದು ಮೀಟರ್ ಛಜ್ಜಾ ಸುಮಾರು 1.2 ಮೀಟರ್ ಗೋಡೆಗೆ ನೆರಳು ನೀಡುತ್ತದೆ.

ತಳಪಾಯ ಮತ್ತು ನೀರು

ಮೆಡಿಟರೇನಿಯನ್ ಪ್ರದೇಶದಲ್ಲಿ ಮಳೆ ಚಳಿಗಾಲದ್ದು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನದು. ಗುಡ್ಡದ ಮೇಲಿನಿಂದ ಇಳಿಯುವ ನೀರನ್ನು ಮನೆಗೆ ತಲುಪುವ ಮೊದಲೇ ಕಾಲುವೆ ತೋಡಿ ಪಕ್ಕಕ್ಕೆ ತಿರುಗಿಸಬೇಕು. ತಡೆಗೋಡೆಯ ಬುಡದ ದಪ್ಪ ಸಾಮಾನ್ಯವಾಗಿ ಎತ್ತರದ ಅರ್ಧದಷ್ಟಾದರೂ ಇರಬೇಕು. ಅದರ ಹಿಂದೆ ಜಲ್ಲಿ ತುಂಬಿ, ನೀರು ಹೊರಹೋಗಲು ರಂಧ್ರಗಳನ್ನು ಬಿಡಬೇಕು. ನೀರು ನಿಂತರೆ ಎಂತಹ ಗೋಡೆಯೂ ಉಬ್ಬಿ ಬೀಳುತ್ತದೆ. ತಳಪಾಯದ ಅರ್ಧಭಾಗ ಬಂಡೆಯ ಮೇಲೆ, ಅರ್ಧಭಾಗ ತುಂಬಿದ ಮಣ್ಣಿನ ಮೇಲೆ ಕುಳಿತರೆ ಗೋಡೆ ಸೀಳುವುದು ಖಚಿತ. ಇಳಿಜಾರಿಗೆ ತಕ್ಕಂತೆ ಮೆಟ್ಟಿಲಿನಂತೆ ಕಡಿದು, ಪೂರ್ತಿ ತಳಪಾಯವನ್ನು ಬಂಡೆಗೇ ಇಳಿಸಬೇಕು.

ನಿವೇಶನದ ಆಯ್ಕೆಯಲ್ಲೂ ಎಚ್ಚರ ಅಗತ್ಯ. ಚಿಂಚೋಳಿಯ ಗುಡ್ಡಗಾಡು ಇಂತಹ ಗೃಹಗಳಿಗೆ ಆಕರ್ಷಕವಾಗಿ ಕಂಡರೂ ಅಲ್ಲಿನ ಅರಣ್ಯದ ಬಹುಭಾಗ 2011ರಲ್ಲಿ ವನ್ಯಜೀವಿ ಧಾಮವಾಗಿ ಘೋಷಿತವಾಗಿದೆ. ಧಾಮದ ಗಡಿ ಹಾಗೂ ಸುತ್ತಲಿನ ನಿರ್ಬಂಧಗಳನ್ನು ಅರಣ್ಯ ಇಲಾಖೆಯಲ್ಲಿ ಖಚಿತಪಡಿಸಿಕೊಳ್ಳದೆ ಜಮೀನಿಗೆ ಮುಂಗಡ ನೀಡಬಾರದು.

ಕಲ್ಲಿನ ಗುಣಕ್ಕೆ ತಕ್ಕ ಬಳಕೆ

ಶಹಾಬಾದ್ ಕಲ್ಲು ಪದರ ಪದರವಾಗಿ ಕುಳಿತ ಸುಣ್ಣಕಲ್ಲು. ಭಾರ ಹೊರುವ ಗೋಡೆಯಲ್ಲಿ ಗಣಿಯಲ್ಲಿದ್ದಂತೆಯೇ ಪದರಗಳನ್ನು ಅಡ್ಡಲಾಗಿ ಮಲಗಿಸಬೇಕು. ನಿಲ್ಲಿಸಿ ಕಟ್ಟಿದರೆ ಕಾಲಕ್ರಮದಲ್ಲಿ ಪದರ ಏಳುತ್ತದೆ. ಗೋಡೆಗೆ ಅಂಟಿಸುವ ದೊಡ್ಡ ಹಲಗೆಗಳಿಗೆ ತುಕ್ಕು ಹಿಡಿಯದ ಉಕ್ಕಿನ ಹಿಡಿಕೆ ಬೇಕು. ಅಂಗಳಕ್ಕೆ, ಮೆಟ್ಟಿಲಿಗೆ ಪಾಲಿಷ್ ಕಲ್ಲು ಬೇಡ, ಮಳೆಯಲ್ಲಿ ಜಾರುತ್ತದೆ. ಸುಣ್ಣಕಲ್ಲಿಗೆ ಆಮ್ಲ ಶತ್ರು. ನಿಂಬೆ, ಹುಣಸೆ, ಶೌಚಾಲಯ ತೊಳೆಯುವ ಆ್ಯಸಿಡ್ ಇವು ಹೊಳಪನ್ನು ತಿನ್ನುತ್ತವೆ ಎಂಬುದನ್ನು ಗ್ರಾಹಕನಿಗೆ ಮೊದಲೇ ತಿಳಿಸುವುದು ವ್ಯಾಪಾರದ ಪ್ರಾಮಾಣಿಕತೆ.

ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

1. ದಪ್ಪ ಸಮನಾಗಿರಲಿ, ಮೂಲೆಗಳು ಕಾಟಕೋನದಲ್ಲಿರಲಿ. ಟೈಲ್ಸ್ ಗೆದ್ದಿರುವುದು ಇಲ್ಲಿಯೇ.

2. ಒಂದು ಮನೆಯ ಬೇಡಿಕೆಗೆ ಒಂದೇ ಗಣಿಯ ಒಂದೇ ಪದರದ ಕಲ್ಲನ್ನು ಒದಗಿಸಿದರೆ ಬಣ್ಣದ ತಕರಾರು ಬಹುಮಟ್ಟಿಗೆ ತಪ್ಪುತ್ತದೆ.

3. ಚದರ ಅಡಿಯ ದರದ ಜೊತೆಗೆ ಮೆಟ್ಟಿಲುಗಲ್ಲು, ಕಿಟಕಿಯ ಅಡಿಗಲ್ಲು, ಗೋಡೆಯ ಮೇಲಿನ ಹೊದಿಕೆಗಲ್ಲುಗಳನ್ನು ನಿಗದಿತ ಅಳತೆಯಲ್ಲಿ ಸಿದ್ಧಪಡಿಸಿ, ನಗ ಲೆಕ್ಕದಲ್ಲಿ ದರಪಟ್ಟಿ ಮುದ್ರಿಸಬೇಕು.

4. ಗಣಿಗಳ ಬದಿಯಲ್ಲಿ ರಾಶಿ ಬಿದ್ದಿರುವ ತುಣುಕು ಕಲ್ಲು ತಡೆಗೋಡೆಗೆ ಯೋಗ್ಯ ಸರಕು. ಅದನ್ನು ಗಾತ್ರವಾರು ಬೇರ್ಪಡಿಸಿದರೆ ಮಾರಾಟಕ್ಕೆ ಬರುತ್ತದೆ.

5. ಗರಗಸದ ಗುರುತುಳ್ಳ, ಪಾಲಿಷ್ ಇಲ್ಲದ ಕಲ್ಲಿನ ಮಾದರಿಗಳನ್ನೂ ವಾಸ್ತುಶಿಲ್ಪಿಗಳಿಗೆ ತೋರಿಸಬೇಕು. ಪಾಲಿಷ್ ಮಾಡುವ ಖರ್ಚು ಉಳಿದರೂ ಬೇಡಿಕೆ ಇರುವ ಸರಕು ಅದು.

ಟೈಲ್ಸ್‌ನೊಡನೆ ದರದಲ್ಲಿ ಮಾತ್ರ ಹೋರಾಡುವ ಘಟಕಕ್ಕೆ ಪ್ರತಿ ವರ್ಷ ಲಾಭ ತಗ್ಗುತ್ತದೆ. ಗೋಡೆ, ಮೆಟ್ಟಿಲು, ಅಂಗಳಗಳನ್ನು ಅಳತೆಗೆ ತಕ್ಕಂತೆ ಒದಗಿಸುವ ಘಟಕಕ್ಕೆ ಟೈಲ್ಸ್ ಎದುರಾಳಿಯೇ ಅಲ್ಲ. ಈ ಬದಲಾವಣೆಗೆ ಹೊಸ ಗಣಿ ಬೇಕಿಲ್ಲ. ಇರುವ ಯಂತ್ರದಲ್ಲಿ ಅಳತೆಯ ಶಿಸ್ತು ಬಂದರೆ ಸಾಕು.