ಎಸೆನ್ ಮೇಳದಲ್ಲಿ ಅಳಿಸಿಹೋದ ಹೆಸರು

ಜರ್ಮನಿಗೆ ಹೊಸದಾಗಿ ಬಂದ ಕನ್ನಡದವರು, ಅದರಲ್ಲೂ ಬೆಂಗಳೂರಿನ ಕೆಫೆಗಳಲ್ಲಿ ಕಟಾನ್, ಅಝುಲ್ ಆಡಿ ರುಚಿ ಹತ್ತಿಸಿಕೊಂಡವರು, ಬೇಸಿಗೆ ಮುಗಿಯುವ ಹೊತ್ತಿಗೆ ನನಗೆ ಫೋನ್ ಮಾಡುತ್ತಾರೆ. ಅಕ್ಟೋಬರಿನಲ್ಲಿ ಎಸೆನ್ ಮೇಳಕ್ಕೆ ಹೋಗಬೇಕು, ಇನ್ನೂ ಅಂಗಡಿಗೆ ಬಾರದ ಬೋರ್ಡ್ ಗೇಮ್‌ಗಳನ್ನು ಅಲ್ಲೇ ಕೂತು ಆಡಬಹುದಂತಲ್ಲ, ನಿಜವಾ? ನಿಜ, ಆಡಬಹುದು. ಆದರೆ ಕೂರುವ ಕುರ್ಚಿ ಸಿಗುವುದು ಹೇಗೆ, ಸಿಕ್ಕ ಕುರ್ಚಿ ಕೈತಪ್ಪುವುದು ಹೇಗೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. 2024ರಲ್ಲಿ ನನಗಾದದ್ದನ್ನು ಬರೆದರೆ ನಾಲ್ಕು ಜನಕ್ಕಾದರೂ ಉಪಯೋಗವಾದೀತು. ಆ ದಿನದ ಸಿಟ್ಟು ನನಗಿನ್ನೂ ಇಳಿದಿಲ್ಲ ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ನ್ಯೂರೆಂಬರ್ಗಿನ ಆಟಿಕೆ ಮೇಳ ವ್ಯಾಪಾರಿಗಳದ್ದು. ಎಸೆನ್‌ನ ‘ಸ್ಪೀಲ್’ 1983ರಲ್ಲಿ ಶುರುವಾದಾಗಿನಿಂದ ಆಡುವವರದ್ದು. ಟಿಕೆಟ್ ಇದ್ದರೆ ಯಾರು ಬೇಕಾದರೂ ಒಳಗೆ ಹೋಗಿ ಮೇಜಿಗೆ ಕೂರಬಹುದು, ಹಿಡಿಸಿದರೆ ಡಬ್ಬ ಕೊಂಡು ತರಬಹುದು. ಅಮೆರಿಕದ ಪ್ರಕಾಶಕರು ಹೊಸ ಆಟಗಳನ್ನು ಆಗಸ್ಟಿನ ಜೆನ್ ಕಾನ್‌ಗೆ ಎತ್ತಿಟ್ಟುಕೊಂಡರೆ ಯುರೋಪಿನವರು ಎಸೆನ್‌ಗೆ ಎತ್ತಿಟ್ಟುಕೊಳ್ಳುತ್ತಾರೆ. ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ. ಆ ವರ್ಷ ಬಂದವರು 2 ಲಕ್ಷ 4 ಸಾವಿರ ಮಂದಿ.

ಮೇಳಕ್ಕೆ ತಿಂಗಳುಗಟ್ಟಲೆ ಮೊದಲೇ ಬೋರ್ಡ್‌ಗೇಮ್‌ಗೀಕ್‌ ಜಾಲತಾಣದವರು ಬರಲಿರುವ ಆಟಗಳ ಪಟ್ಟಿ ಹಾಕುತ್ತಾರೆ. ಬೇಕೇ ಬೇಕು, ಆಸಕ್ತಿ ಇದೆ, ನೋಡೋಣ, ಬೇಡ ಎಂದು ಒಂದೊಂದಕ್ಕೂ ಗುರುತು ಹಾಕಬಹುದು. ಹೆಚ್ಚು ಜನ ‘ಬೇಕೇ ಬೇಕು’ ಅಂದದ್ದು ಮೇಲೇರುತ್ತದೆ. ಹಾಗೆ ಅಂದವರಲ್ಲಿ ಬಹುಪಾಲು ಜನ ಆ ಆಟವನ್ನು ಕೈಯಲ್ಲಿ ಹಿಡಿದಿರುವುದಿಲ್ಲ. ಡಬ್ಬದ ಚಿತ್ರ, ವಿನ್ಯಾಸಕಾರರ ಹೆಸರು, ಇಷ್ಟನ್ನೇ ನೋಡಿ ಕೊಟ್ಟ ವೋಟು ಅದು. ನಾನು ಪಟ್ಟಿಯಲ್ಲಿ ನೆಚ್ಚಿಕೊಂಡಿದ್ದದ್ದು ಬಂದರಿನ ವ್ಯಾಪಾರದ ಒಂದು ದೊಡ್ಡ ಆಟ, ನಾಲ್ವರು ಆಡುವಂಥದ್ದು. ಹೆಸರು ಬರೆಯುವುದಿಲ್ಲ, ಬರೆದರೆ ಪ್ರಕಾಶಕರು ಯಾರೆಂದು ತಿಳಿದುಬಿಡುತ್ತದೆ. ಮೇಳದಲ್ಲಿ ಅದು ಮಾರಾಟಕ್ಕಿರಲಿಲ್ಲ, ಆಡಿಸಿ ತೋರಿಸುವುದು ಮಾತ್ರ. ಜನರಿಂದ ಮುಂಗಡ ಹಣ ಎತ್ತುವುದು ಆಮೇಲೆ.

ಮೊದಲ ದಿನ ಅಕ್ಟೋಬರ್ 3, ಜರ್ಮನಿ ಒಂದಾದ ದಿನದ ಸರ್ಕಾರಿ ರಜೆ. ಶಾಲೆ, ಆಫೀಸು ಎಲ್ಲ ಬಂದ್, ಊರಿಗೆ ಊರೇ ಮೇಳದಲ್ಲಿ. ಅಂದೇ ಮೈಸೂರಿನಲ್ಲಿ ದಸರಾ ಉದ್ಘಾಟನೆ. ಅದನ್ನು ಬಿಟ್ಟು ಅಕ್ಕ, ಭಾವ ನಮ್ಮ ಡುಸೆಲ್ಡಾರ್ಫ್ ಮನೆಗೆ ಬಂದಿದ್ದರು. ಅಕ್ಕನಿಗೆ ಆಟದ ಗೀಳಿಲ್ಲ, ಮನೆಯಲ್ಲೇ ಉಳಿದಳು. ಭಾವ ಚೌಕಾಬಾರದಲ್ಲಿ ಗಟ್ಟಿ ಕೈ. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ‘ಕ್ರೀಡಾ ಕೌಶಲ್ಯ’ ಪ್ರದರ್ಶನದಲ್ಲಿ ಹಳೆಯ ಹಾಸುಗಳನ್ನೆಲ್ಲ ನೋಡಿದವರು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಆಟ ಕಟ್ಟಿದ ವಿಷಯ ಎತ್ತಿದರೆ ಗಂಟೆಗಟ್ಟಲೆ ಮಾತಾಡುತ್ತಾರೆ. ನಾಲ್ಕನೆಯವರಾಗಿ ಇವರಿಗಿಂತ ಯಾರು ಬೇಕು ಅಂದುಕೊಂಡೇ ಕರೆದೆ. ನಾನು, ನನ್ನವರು, ಮಗಳು, ಭಾವ.

ಆ ಬಂದರಿನ ಆಟದ ಸ್ಟಾಲಿನಲ್ಲಿ ಇದ್ದದ್ದು ಮೂರೇ ಮೇಜು. ಪಕ್ಕದಲ್ಲೊಂದು ಬಿಳಿ ಬೋರ್ಡು, ಅದರ ಮೇಲೆ ಹಸಿರು ಮಾರ್ಕರಿನಲ್ಲಿ ಹೆಸರು, ಎಷ್ಟು ಜನ, ಅಂದಾಜು ಹೊತ್ತು. ಕೂಗಿದಾಗ ಗುಂಪಿನ ಎಲ್ಲರೂ ಎದುರಿಗಿರಬೇಕು, ಇಲ್ಲದಿದ್ದರೆ ಸರದಿ ಮುಂದಿನವರಿಗೆ ಎಂದು ಬೋರ್ಡಿನ ಕೆಳಗೆ ಬರೆದಿತ್ತು. ನಾನು ಅದನ್ನು ಕನ್ನಡದಲ್ಲಿ ಭಾವನಿಗೆ ಓದಿ ಹೇಳಿದ್ದೆ. ನನ್ನ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿತ್ತು, ತಿದ್ದಿಸಲು ಹೋಗಲಿಲ್ಲ. ಹೆಸರಿನ ಮುಂದೆ 4 ಅಂತ ಇತ್ತಲ್ಲ, ಸಾಕು.

ಬೆಳಿಗ್ಗೆ ನಿಂತವರು ಮಧ್ಯಾಹ್ನ ದಾಟಿದರೂ ನಿಂತೇ ಇದ್ದೆವು. ಡಬ್ಬಿಯಲ್ಲಿ ಗೊಜ್ಜವಲಕ್ಕಿ ಕಟ್ಟಿಕೊಂಡು ಹೋಗಿದ್ದೆ. ನವರಾತ್ರಿಯ ಮೊದಲ ದಿನವಲ್ಲವೇ, ಭಾವ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ ಅಂತ ಅದಕ್ಕೆ ತಕ್ಕಂತೆಯೇ ಮಾಡಿದ್ದೆ. ಅದನ್ನು ತಿಂದಾದ ಮೇಲೆ ಅವರಿಗೆ ಕಾಫಿ ಬೇಕಾಯಿತು.

‘ಐದು ನಿಮಿಷ ಕಣಮ್ಮ, ಮಗೂನ ಕರ್ಕೊಂಡು ಹೋಗಿ ಕಾಫಿ ಕುಡ್ಕೊಂಡು ಬಂದ್ಬಿಡ್ತೀನಿ.’

‘ಈಗ ಬೇಡ ಭಾವ, ನಮ್ಮ ಮುಂದೆ ಒಂದೇ ಹೆಸರಿದೆ. ಇನ್ನೇನು ಕರೀತಾರೆ.’

‘ಬಂದೇಬಿಟ್ವಿ ಅಂತ ತಿಳ್ಕೊ.’

ಹೋದರು. ಅವರ ಫೋನಿನಲ್ಲಿದ್ದದ್ದು ಊರಿನ ಸಿಮ್. ರೋಮಿಂಗ್ ಹಾಕಿಸಿರಲಿಲ್ಲ.

ನಡುಮೇಜಿನವರು ಎದ್ದರು. ಮೇಲ್ವಿಚಾರಕ ಬೋರ್ಡು ನೋಡಿ ನನ್ನ ಹೆಸರನ್ನು ತಪ್ಪುತಪ್ಪಾಗಿಯೇ ಕೂಗಿದ. ಕೈ ಎತ್ತಿದೆ. ‘ನಾಲ್ವರು?’ ಅಂದ. ಇಬ್ಬರು ಇಲ್ಲೇ ಇದ್ದೇವೆ, ಇಬ್ಬರು ಬರುತ್ತಿದ್ದಾರೆ ಅಂದೆ. ಅವನು ಗಡಿಯಾರ ನೋಡಿಕೊಂಡ. ನನ್ನವರು ಆಗಲೇ ಜನರ ನಡುವೆ ನುಗ್ಗಿ ಭಾವನನ್ನು ಹುಡುಕಲು ಓಡಿದ್ದರು, ಆದ್ದರಿಂದ ಅವನ ಕಣ್ಣಿಗೆ ನಾನೊಬ್ಬಳೇ. ಹಿಂದೆ ನಿಂತಿದ್ದ ಪೋಲೆಂಡಿನ ಇಬ್ಬರು ಹುಡುಗರು ತಾವಾಗಿಯೇ ಮುಂದೆ ಬಂದರು. ಅವರದೂ ಬೋರ್ಡಿನಲ್ಲಿ ಹೆಸರಿತ್ತು, ನಮ್ಮ ಕೆಳಗೆ, ಇಬ್ಬರು ಎಂದು. ‘ನಾವಿಬ್ಬರು, ಇವರಿಬ್ಬರು, ನಾಲ್ವರಾಯಿತಲ್ಲ’ ಅಂದರು. ಒಂದನೇ ತರಗತಿಯ ಲೆಕ್ಕ. ಅಷ್ಟರಲ್ಲಿ ನನ್ನವರೂ ಬರಿಗೈಯಲ್ಲಿ ವಾಪಸ್ ಬಂದರು. ನಾಲ್ಕು ಜನ, ನಾಲ್ಕು ಕುರ್ಚಿ, ಎದುರಿಗೇ ಹಾಸಿಟ್ಟ ಆಟ. ಹಡಗುಗಳನ್ನೆಲ್ಲ ಆರಂಭದ ಜಾಗಕ್ಕೆ ಜೋಡಿಸಿಯೂ ಆಗಿತ್ತು.

ಅವನು ಒಪ್ಪಲಿಲ್ಲ. ಗುಂಪುಗಳನ್ನು ಬೆರೆಸುವ ಪದ್ಧತಿ ಇಲ್ಲವಂತೆ. ಇಬ್ಬರ ಗುಂಪಿಗೆ ಬೇರೆ ಹೊತ್ತಂತೆ. ಯಾಕೆ ಅಂತ ಕೇಳಿದೆ. ನಿಯಮ ಅಂದ. ನಿಯಮ ಇರುವುದು ಮೇಜು ಖಾಲಿ ಬೀಳದಿರಲಿ ಅಂತ ತಾನೇ, ಈಗ ಖಾಲಿ ಬೀಳುತ್ತಿಲ್ಲವಲ್ಲ ಅಂದೆ. ನನ್ನ ಜರ್ಮನ್ ಆಫೀಸಿನಲ್ಲಿ ಸಾಕಾಗುವಷ್ಟಿದೆ. ಅವತ್ತು ಒಂದು ತಪ್ಪೂ ಇಲ್ಲದೆ ಮಾತಾಡಿದೆ. ಅವನು ಉತ್ತರ ಕೊಡದೆ ಅಂಗೈಯ ಬದಿಯಿಂದ ನನ್ನ ಹೆಸರನ್ನು ಒರೆಸಿದ. ಹಸಿರು ಶಾಯಿ ಪೂರ್ತಿ ಹೋಗಲಿಲ್ಲ, 4 ಅಂತ ಬರೆದದ್ದರ ಬಾಲ ಉಳಿಯಿತು. ಆಮೇಲೆ ಆ ಮೇಜಿಗೆ ಕೂರಿಸಿದ್ದು ಯಾರನ್ನು? ಕೊರಳಲ್ಲಿ ಪತ್ರಿಕಾ ಕಾರ್ಡ್ ತೂಗಿಸಿಕೊಂಡು ಆಗಷ್ಟೇ ಬಂದ ನಾಲ್ವರನ್ನು. ಬೋರ್ಡಿನ ಮೇಲೆ ಅವರ ಹೆಸರು ಎಲ್ಲೂ ಇರಲಿಲ್ಲ. ನಿಯಮದ ಮಾತಾಡಿದ ಮನುಷ್ಯ ಇದಕ್ಕೆ ಏನು ಹೇಳುತ್ತಾನೆ? ಕೇಳಿದೆ. ಅವನು ಆಗಲೇ ಅವರಿಗೆ ಕುರ್ಚಿ ಎಳೆದುಕೊಡುತ್ತಿದ್ದ. ಗಂಟಲು ಕಟ್ಟಿತು, ಕಣ್ಣಲ್ಲಿ ನೀರು ಬಂತು. ಆ ಹುಡುಗರಲ್ಲೊಬ್ಬ ನನಗೆ ನೀರಿನ ಬಾಟಲಿ ಕೊಟ್ಟ.

ಅಲ್ಲಿಂದ ಹೋಗಲಿಲ್ಲ. ಮೇಜಿನ ಹಿಂದೆ ನಿಂತು ನೋಡಿದೆ. ಹಾಗೆ ನೋಡಿದ್ದರಿಂದ ತಿಳಿದದ್ದು ತುಂಬ. ಅದು ಅಚ್ಚಾದ ಪ್ರತಿಯಲ್ಲ, ಮಾದರಿ. ಹಡಗುಗಳು ತ್ರೀಡಿ ಪ್ರಿಂಟರಿನಲ್ಲಿ ತೆಗೆದವು, ಅಂಚಿನಲ್ಲಿ ಗೆರೆಗೆರೆ. ಕಾರ್ಡುಗಳು ಪ್ಲಾಸ್ಟಿಕ್ ಲಕೋಟೆಯೊಳಗೆ ತುರುಕಿದ ಕಾಗದದ ಚೂರುಗಳು. ಆಟ ಕಲಿಸುತ್ತಿದ್ದ ಹುಡುಗಿ ಎರಡು ಸಲ ‘ಈ ನಿಯಮ ಬದಲಾಗಬಹುದು’ ಅಂದಳು. ಬದಲಾಗಬಹುದೆಂದದ್ದು ಸಣ್ಣದನ್ನಲ್ಲ, ಸರಕಿನ ಬೆಲೆ ಏರಿಳಿಯುವ ರೀತಿಯನ್ನೇ. ಅಂದರೆ ಇಡೀ ಆಟವನ್ನೇ. ಮೊದಲ ಎರಡು ಸುತ್ತು ಆಡಿಸಿ, ಚೆನ್ನಾಗಿದೆ ಅನ್ನಿಸುವ ಹೊತ್ತಿಗೆ ಎಬ್ಬಿಸುತ್ತಿದ್ದರು. ಇಂಥ ಆಟ ಜೋಲು ಬೀಳುವುದು ನಡುವಿನಲ್ಲಿ, ಅದನ್ನು ಅಲ್ಲಿ ಯಾರೂ ನೋಡಲಿಲ್ಲ. ಇಷ್ಟೆಲ್ಲ ಹೇಳಿದರೂ ಹಣ ಎತ್ತುವುದು ಶುರುವಾದ ದಿನ ನನ್ನವರು ದುಡ್ಡು ಕಟ್ಟಿದರು. ಡಬ್ಬ ಇನ್ನೂ ಬಂದಿಲ್ಲ.

ಭಾವನ ಕತೆಯನ್ನೂ ಹೇಳಬೇಕು, ಯಾಕೆಂದರೆ ಅವರು ಅದನ್ನು ಮೈಸೂರಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ. ಕಾಫಿ ಕುಡಿದು ಬರುವಾಗ ಒಂದು ಮೇಜಿನಲ್ಲಿ ಇಬ್ಬರು ಜನ ಸಾಲದೆ ಕಾಯುತ್ತಿದ್ದರಂತೆ, ಕರೆದರಂತೆ, ಇವರು ಮಗಳ ಜೊತೆ ಕೂತುಬಿಟ್ಟರಂತೆ. ಆಟ ‘ಬಾಂಬ್ ಬಸ್ಟರ್ಸ್’, ಜಪಾನಿನ ಹಿಸಾಶಿ ಹಯಾಶಿ ಮಾಡಿದ್ದು. ಎಲ್ಲರೂ ಒಂದೇ ಪಕ್ಷ. 1ರಿಂದ 12ರವರೆಗೆ ಅಂಕಿ ಇರುವ ತಂತಿಗಳನ್ನು ತಮ್ಮ ಮುಂದೆ ಮರೆಯಾಗಿ ನಿಲ್ಲಿಸಿಕೊಂಡು, ಇನ್ನೊಬ್ಬರ ತಂತಿ ತೋರಿಸಿ ‘ಇದು 9’ ಅನ್ನಬೇಕು. ಸರಿಯಾದರೆ ಅದೂ ನಮ್ಮಲ್ಲಿರುವ ಅದೇ ಅಂಕಿಯ ತಂತಿಯೂ ಕತ್ತರಿಸಿದ ಹಾಗೆ, ತಪ್ಪಾದರೆ ಬಾಂಬಿನ ಮುಳ್ಳು ಮುಂದಕ್ಕೆ. ಭಾಷೆಯ ಗೊಡವೆಯೇ ಇಲ್ಲ, ಭಾವನಿಗೆ ಹೇಳಿ ಮಾಡಿಸಿದ್ದು. 2025ರಲ್ಲಿ ಅದಕ್ಕೇ ‘ಸ್ಪೀಲ್ ಡೆಸ್ ಯಾರೆಸ್’, ಅಂದರೆ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಬಂತು. ‘ನೀನು ಕ್ಯೂನಲ್ಲಿ ನಿಂತಿದ್ದಾಗ ನಾನು ಪ್ರಶಸ್ತಿ ಆಟ ಆಡ್ತಿದ್ದೆ’ ಅಂತ ಭಾವ ಫೋನ್ ಮಾಡಿ ಹೇಳಿದರು. ಆಟ ಒಳ್ಳೆಯದೇ, ನಮ್ಮ ಮನೆಯಲ್ಲೂ ಇದೆ. ಆದರೆ ಐದು ನಿಮಿಷ ಅಂತ ಹೋದವರು ಐದು ನಿಮಿಷಕ್ಕೆ ಬರಬೇಕಿತ್ತು. ಪ್ರಶಸ್ತಿ ಬಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಅಕ್ಕನೂ ನನ್ನ ಕಡೆಗೇ ಇದ್ದಾಳೆ.

ಹೋಗುವವರಿಗೆ ಹೇಳುವುದಿಷ್ಟು. ದೊಡ್ಡ ಪ್ರಕಾಶಕರ ಹೊಸ ಆಟಕ್ಕೆ ಮೊದಲ ದಿನವೇ ಮುಗಿಬೀಳಬೇಡಿ. ಅದೇ ವರ್ಷ ಎಲ್ಲರ ಬಾಯಲ್ಲಿದ್ದದ್ದು ಝೆಕ್ ವಿನ್ಯಾಸಕಾರ ತೊಮಾಶ್ ಹೊಲೆಕ್‌ರ ‘ಸೆಟಿ’. ಗ್ರಹಗಳು ಕೂತ ಬಿಲ್ಲೆಗಳು ತಿರುಗುತ್ತವೆ, ನೀವು ಕಳಿಸಿದ ನೌಕೆಯ ದಾರಿ ಅದರಿಂದ ಬದಲಾಗುತ್ತದೆ. ಡಬ್ಬದಲ್ಲಿರುವ ಐದು ಅನ್ಯಗ್ರಹ ಜೀವಿಗಳಲ್ಲಿ ಒಂದಾಟಕ್ಕೆ ಬರುವುದು ಎರಡೇ, ಯಾವುದು ಅಂತ ಆಡುತ್ತಾ ಆಡುತ್ತಾ ಗೊತ್ತಾಗುತ್ತದೆ. ಅದನ್ನು ನಾನು ಮೇಳದಲ್ಲಿ ಹಿಂದೆ ನಿಂತು ನೋಡಿದೆ, ಆಮೇಲೆ ಅಂಗಡಿಗೆ ಬಂದಾಗ ಆರಾಮವಾಗಿ ಕೊಂಡೆ. ಜಪಾನ್, ಕೊರಿಯಾ, ತೈವಾನಿನ ಸಣ್ಣ ಸ್ಟಾಲಿನವರು ತರುವ ಪ್ರತಿಗಳು ಕಡಿಮೆ. ಗುರುವಾರ ಬೆಳಿಗ್ಗೆ ಅವರ ಹತ್ತಿರ ಹೋಗಿ, ಕೈಯಲ್ಲಿ ನಗದು ಇರಲಿ. ಕಾರ್ಡಿನ ಮೇಲೆ ಬರಹ ಹೆಚ್ಚಿರುವ ಆಟವಾದರೆ ಡಬ್ಬದ ಬದಿ ನೋಡಿ, ಇಂಗ್ಲಿಷ್ ಪ್ರತಿಯೋ ಜರ್ಮನ್ ಪ್ರತಿಯೋ ಅಂತ. ‘ಫೇರ್‌ಪ್ಲೇ’ ಪತ್ರಿಕೆಯವರು ಮೇಳದಲ್ಲೇ ಆಡಿದವರಿಂದ ಅಂಕ ಹಾಕಿಸಿ ಪಟ್ಟಿ ಮಾಡುತ್ತಾರೆ. ಜರ್ಮನ್ ಶಾಲೆಯ ಪದ್ಧತಿ, 1 ಅಂದರೆ ಬಹಳ ಚೆನ್ನ, 6 ಅಂದರೆ ಕಳಪೆ. ಮನೆಯಲ್ಲಿ ಕೂತು ವೋಟು ಹಾಕಿದವರ ಪಟ್ಟಿಗಿಂತ ಅದು ಮೇಲು. ಮಾದರಿ ಪ್ರತಿಯಾದರೆ ಯಾವ ನಿಯಮ ಇನ್ನೂ ಗಟ್ಟಿಯಾಗಿಲ್ಲ ಅಂತ ನೇರವಾಗಿ ಕೇಳಿ. ಒಳ್ಳೆಯ ವಿನ್ಯಾಸಕಾರರು ಮುಚ್ಚಿಡುವುದಿಲ್ಲ.

ಆ ಪ್ರಕಾಶಕರಿಗೆ ಪತ್ರ ಬರೆದೆ, ಹಸಿರು ಶಾಯಿಯ ಬೋರ್ಡು, ಪತ್ರಿಕಾ ಕಾರ್ಡಿನವರು, ಇಬ್ಬರಿಗಿಬ್ಬರು ಸೇರಲು ಒಪ್ಪಿದ್ದ ಹುಡುಗರು, ಎಲ್ಲವನ್ನೂ. ಮುಂದಿನ ಸಲದಿಂದ ಆಡುವ ಹೊತ್ತನ್ನು ಮೊದಲೇ ಕಾಯ್ದಿರಿಸುವ ಏರ್ಪಾಡು ಮಾಡುತ್ತೇವೆ ಅಂತ ವಿನಯದಿಂದಲೇ ಉತ್ತರ ಬಂತು. ಇಬ್ಬಿಬ್ಬರನ್ನು ಯಾಕೆ ಕೂರಿಸಬಾರದು ಅನ್ನುವ ಪ್ರಶ್ನೆಗೆ ಉತ್ತರವಿರಲಿಲ್ಲ. ಅದೊಂದನ್ನೇ ಮತ್ತೆ ಕೇಳಿ ಬರೆದಿದ್ದೇನೆ.