ಚಳಿಗಾಲದ ಮುಂಜಾವಿಗೆ ಸೈಕಲ್ ಸಜ್ಜು: ಒಂದು ಚಟುವಟಿಕೆ ಆಧಾರಿತ ಪಾಠ

ತರಗತಿ: 8
ವಿಷಯ: ವಿಜ್ಞಾನ (ಬೆಳಕು, ಘರ್ಷಣೆ)
ಅವಧಿ: 40 ನಿಮಿಷ
ಬೋಧನೋಪಕರಣಗಳು: ಒಂದು ಸೈಕಲ್, ಟಾರ್ಚ್, ಕೆಂಪು ರಿಫ್ಲೆಕ್ಟರ್, ನೀರು, ಒಣ ಬಟ್ಟೆ

ಪೀಠಿಕೆ

ಜನವರಿಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 6.45ರ ಸುಮಾರಿಗೆ. 6 ಗಂಟೆಯ ಟ್ಯೂಷನ್‌ಗೆ ಸೈಕಲ್ ಏರಿ ಹೊರಡುವ ಮಗು ಕತ್ತಲಲ್ಲಿ, ಕೆಲವು ದಿನ ಮಂಜಿನಲ್ಲಿ, ಬಸ್ಸು ಲಾರಿಗಳ ನಡುವೆ ಸಾಗಬೇಕು. ಆದ್ದರಿಂದ ಪಾಠವನ್ನು ಈ ಪ್ರಶ್ನೆಯಿಂದ ಆರಂಭಿಸಬಹುದು: "ಸೈಕಲ್ ಕೊಳ್ಳುವಾಗ ಮೊದಲು ಏನು ನೋಡುತ್ತೀರಿ?" ಗೇರು, ಬಣ್ಣ, ದಪ್ಪ ಟಯರು ಮುಂತಾದ ಉತ್ತರಗಳನ್ನು ತಿದ್ದದೆ ಕಪ್ಪುಹಲಗೆಯ ಮೇಲೆ ಬರೆದಿಡಬೇಕು.

ಚಟುವಟಿಕೆ 1: ಕಾಣಿಸುವುದು

ಕೋಣೆಯನ್ನು ಕತ್ತಲು ಮಾಡಿ, ರಿಫ್ಲೆಕ್ಟರನ್ನು ಎದುರು ಗೋಡೆಯ ಬಳಿ ಇಡಿ. ಒಬ್ಬ ವಿದ್ಯಾರ್ಥಿ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಅದರತ್ತ ಬೆಳಕು ಬಿಡಲಿ. ಅವನಿಗೆ ಅದು ಪ್ರಖರವಾಗಿ ಕಾಣುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ನಿಂತವರಿಗೆ ಮಂಕಾಗಿ ಕಾಣುತ್ತದೆ. ಬೆಳಕು ಬಂದ ದಿಕ್ಕಿಗೇ ಹಿಂದಿರುಗುತ್ತದೆ ಎಂಬ ತೀರ್ಮಾನವನ್ನು ಮಕ್ಕಳಿಂದಲೇ ಹೊರಡಿಸಿ. ಹಾಗಾದರೆ ಅಡ್ಡರಸ್ತೆಯಿಂದ ಬರುವ ಚಾಲಕನಿಗೆ? ಅವನ ದೀಪ ಇತ್ತ ಬೀಳದಿದ್ದರೆ ರಿಫ್ಲೆಕ್ಟರ್ ಇದ್ದೂ ಇಲ್ಲದಂತೆ. ಸೈಕಲ್‌ಗೆ ಸ್ವಂತ ದೀಪ ಬೇಕಾಗುವುದು ಇದಕ್ಕೇ. ಹಳೆಯ ಬಗೆಯ ಡೈನಮೋ ದೀಪ ಚಕ್ರ ನಿಂತೊಡನೆ ಆರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗಲೂ ಬ್ಯಾಟರಿ ದೀಪ ಉರಿಯುತ್ತದೆ.

ಚಟುವಟಿಕೆ 2: ನಿಲ್ಲುವುದು

ಸೈಕಲನ್ನು ಸ್ಟ್ಯಾಂಡ್ ಹಾಕಿ, ಪೆಡಲ್ ತಿರುಗಿಸಿ ಹಿಂದಿನ ಬ್ರೇಕ್ ಮೆಲ್ಲಗೆ ಹಿಡಿಯಿರಿ. ರಿಮ್ಮಿಗೆ ನೀರು ಸವರಿ ಮತ್ತೊಮ್ಮೆ ಮಾಡಿ. ಒದ್ದೆ ರಿಮ್ಮಿನಲ್ಲಿ ಘರ್ಷಣೆ ಕಡಿಮೆ. ಚಕ್ರ ನಿಲ್ಲುವುದು ತಡ. ಹೊರಗೆ ನಿಲ್ಲಿಸಿದ ಸೈಕಲ್ ಮೇಲೆ ರಾತ್ರಿಯ ಇಬ್ಬನಿ ಮಾಡುವುದೂ ಇದನ್ನೇ. ಹೊರಡುವ ಮುನ್ನ ರಿಮ್ ಒರೆಸಿ, ಸವೆದ ಬ್ರೇಕ್ ರಬ್ಬರ್ ಬದಲಿಸಬೇಕು. ಜೊತೆಗೆ ಒಂದು ಲೆಕ್ಕ: ಗಂಟೆಗೆ 15 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿಯಲು 1 ಸೆಕೆಂಡ್ ತಡವಾದರೆ ಸೈಕಲ್ ಅಷ್ಟರಲ್ಲೇ 4 ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. (ಎಚ್ಚರಿಕೆ: ಕಡ್ಡಿ, ಚೈನುಗಳ ಹತ್ತಿರ ಬೆರಳು ಬಾರದಿರಲಿ.)

ಚಟುವಟಿಕೆ 3: ಅಳತೆಗೆ ಹೊಂದುವುದು

"ಬೆಳೆಯುವ ಮಗು, ದೊಡ್ಡದೇ ಇರಲಿ" ಎಂದು ಕೊಂಡ ಸೈಕಲ್‌ನಲ್ಲಿ ತಟ್ಟನೆ ನಿಲ್ಲಬೇಕಾದಾಗ ಕಾಲು ನೆಲಕ್ಕೆ ಎಟಕುವುದಿಲ್ಲ. ಸೀಟಿನಿಂದ ಮುಂದಕ್ಕೆ ಇಳಿದು ನಿಂತಾಗ ಎರಡು ಪಾದಗಳೂ ನೆಲ ಮುಟ್ಟಬೇಕು. ಮೇಲಿನ ಕಂಬಿಗೂ ದೇಹಕ್ಕೂ ನಡುವೆ ಜಾಗ ಇರಬೇಕು. ಸೀಟಿನ ಎತ್ತರಕ್ಕೆ ಸುಲಭ ಪರೀಕ್ಷೆ: ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು.

ಮೌಲ್ಯಮಾಪನ

ಕಪ್ಪುಹಲಗೆಯ ಪಟ್ಟಿಯನ್ನು ಮಕ್ಕಳೇ ತಿದ್ದಲಿ. ಪ್ರತಿ ಬದಲಾವಣೆಗೂ ಕಾರಣ ಕೊಡಲಿ. "ದೀಪ ಮೊದಲು, ಗೇರು ಆಮೇಲೆ" ಎಂದರೆ ಸಾಲದು, ಏಕೆ ಎಂದೂ ಹೇಳಬೇಕು.

ಸಹ ಪ್ರಶಿಕ್ಷಣಾರ್ಥಿಗಳಿಗೆ

"ಯಾರ ಬಳಿ ಸೈಕಲ್ ಇಲ್ಲ?" ಎಂದು ತರಗತಿಯಲ್ಲಿ ಕೇಳಬೇಡಿ, ಒಂದೇ ಸೈಕಲ್ ಸುತ್ತ ಗುಂಪು ಮಾಡಿ. ಹೊಸ ಸೈಕಲ್ ಕೊಡಿಸುವುದು ಎಲ್ಲ ಮನೆಗಳಿಗೂ ಆಗದು. ಇರುವ ಹಳೆಯ ಸೈಕಲ್‌ನ ರಿಫ್ಲೆಕ್ಟರ್ ಒರೆಸುವುದು, ಸೀಟು ಇಳಿಸುವುದು ಮಾತ್ರ ಮರುದಿನ ಬೆಳಿಗ್ಗೆಯೇ ಆಗುವ ಕೆಲಸ.